ಎಳೆಯುತ್ತಿದ್ದ ಟೇಪು ಮತ್ತು ಇಂಗ್ಲೆಂಡಿನ ನಾಲ್ವರು

ಮೊನ್ನೆ ಮಗಳ ಫೋನಿನಲ್ಲಿ ಒಂದು ಹಳೆಯ ಇಂಗ್ಲಿಷ್ ಹಾಡು ಹುಡುಕಿಸಿ ಹಾಕಿಸಿದಾಗ ನನಗೆ ಮೊದಲು ಅನುಮಾನ ಬಂದದ್ದು ಫೋನಿನ ಮೇಲೆ. ನಲವತ್ತು ವರ್ಷದಿಂದ ನಾನು ಗುನುಗಿಕೊಂಡು ಬಂದ ಹಾಡು ಗಂಭೀರವಾಗಿ, ಎತ್ತಿನ ಗಾಡಿಯ ಹಾಗೆ ಸಾಗಬೇಕು. ಇದೋ ಓಡುತ್ತಿತ್ತು.

"ಸ್ವಲ್ಪ ಸ್ಪೀಡು ಕಮ್ಮಿ ಮಾಡಮ್ಮ."

"ಹಾಡು ಇರೋದೇ ಹಿಂಗಪ್ಪ," ಎಂದಳು.

ಇನ್ನೂ ಮೂರು ಕಡೆ ಹುಡುಕಿಸಿದೆ. ಎಲ್ಲ ಕಡೆಯೂ ಹಾಗೇ ಇತ್ತು.

ನಿಮಗೆ ಹಿಂದಿನದು ಹೇಳಬೇಕು. ಎಂಬತ್ತರ ದಶಕದಲ್ಲಿ ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇತ್ತು. ಜನ ಹಾಡುಗಳ ಪಟ್ಟಿ ಕೊಡುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದೆ. ತಾಲ್ಲೂಕಿನಲ್ಲಿ ಸಂಗೀತದ ವಿಷಯಕ್ಕೆ ನನ್ನದೇ ಕೊನೆಯ ಮಾತು ಎಂದು ನಂಬಿದ್ದೆ. ಬೇರೆಯವರೂ ನಂಬಿದ್ದರೋ ಇಲ್ಲವೋ ವಿಚಾರಿಸಲು ಹೋಗಲಿಲ್ಲ.

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಒಬ್ಬರು ಆಂಗ್ಲೋ ಇಂಡಿಯನ್ ರೈಲ್ವೆ ಗಾರ್ಡ್ ಇದ್ದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಅವರ ತಂಗಿಯ ಪಕ್ಕದ ಮನೆಯ ಹುಡುಗ ಪೋಸ್ಟ್ ಪಂಕ್ ಎಂಬ ಒರಟು ರಾಕ್ ಸಂಗೀತದ ಒಂದು ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದನಂತೆ. ಆ ಅಭಿಮಾನಕ್ಕೆ ಆಕೆ ತಂಡದ ಪ್ರತಿ ಕ್ಯಾಸೆಟ್ಟನ್ನೂ ಅಣ್ಣನಿಗೆ ಕಳಿಸುತ್ತಿದ್ದರು. ಗಿರಣಿ ಮುಚ್ಚಿದ ಊರಿನ ನಾಲ್ಕು ಹುಡುಗರು. ಮೊದಲ ಕ್ಯಾಸೆಟ್ಟಿನಲ್ಲಿ ಹಾಡಿಗಿಂತ ಬೈಗುಳವೇ ಹೆಚ್ಚು, ಗಿಟಾರಿನದು ತಗಡು ಕೆರೆದ ಸದ್ದು. ಎರಡನೆಯದರಲ್ಲಿ ನಾನು ಗುನುಗುವ ಆ ಹಾಡು ಬಂತು, ತಂಡಕ್ಕೆ ಅಲ್ಲಿ ಹೆಸರೂ ಬಂತು. ಮೂರನೆಯದರ ಕವರಿನ ಮೇಲೆ ಮೂರೇ ಮುಖ ಇದ್ದವು. ಡ್ರಮ್ಮಿನವನು ಜಗಳ ಮಾಡಿಕೊಂಡು ಬಿಟ್ಟನೆಂದು ತಂಗಿ ಬರೆದಿದ್ದರು. ಆಮೇಲೆ ಕ್ಯಾಸೆಟ್ಟು ಬರಲಿಲ್ಲ.

ಈ ಮೂರನ್ನೂ ನನಗಾಗಿ ಕಾಪಿ ಮಾಡಿಕೊಂಡಿದ್ದೆ. ಗಿರಾಕಿಗಳ ಸಿನಿಮಾ ಹಾಡನ್ನು ಬೆಳಿಗ್ಗೆಯೇ ಮುಗಿಸುತ್ತಿದ್ದೆ, ಏಕೆಂದರೆ ಮಧ್ಯಾಹ್ನ ತೋಟದ ಪಂಪ್‌ಸೆಟ್ಟುಗಳೆಲ್ಲ ಶುರುವಾದರೆ ವೋಲ್ಟೇಜ್ ಬಿದ್ದು, ಹಾಡಿಸುವ ಹಳೆಯ ಡೆಕ್ಕು ನಿಧಾನವಾಗಿ ಎಳೆಯುತ್ತಿತ್ತು. ವೋಲ್ಟೇಜ್ ಬಿದ್ದರೂ ವೇಗ ತಪ್ಪದ, ರೆಕಾರ್ಡ್ ಮಾಡುವ ಹೊಸ ಡೆಕ್ಕು ಆ ಎಳೆದ ಹಾಡನ್ನೇ ಶ್ರದ್ಧೆಯಿಂದ ತುಂಬಿಕೊಳ್ಳುತ್ತಿತ್ತು. ಗಾರ್ಡ್ ಸಾಹೇಬರು ಬರುತ್ತಿದ್ದದ್ದೇ ಮಧ್ಯಾಹ್ನ. ಸಂಜೆ ಡ್ಯೂಟಿಗೆ ಮೊದಲು ಕ್ಯಾಸೆಟ್ ವಾಪಸ್ ಬೇಕು. ಸಿನಿಮಾ ಹಾಡು ಎಳೆದರೆ ಊರೇ ತಪ್ಪು ಹಿಡಿಯುತ್ತಿತ್ತು. ಇಂಗ್ಲಿಷ್ ಹಾಡು ಹೇಗಿರಬೇಕೆಂದು ನನ್ನನ್ನೂ ಸೇರಿಸಿ ನಮ್ಮಲ್ಲಿ ಯಾರಿಗೆ ಗೊತ್ತು?

ಒಬ್ಬನಿಗೆ ಗೊತ್ತಾಗಿತ್ತು. ಬಾಗೂರಿನ ತಿಪ್ಪೇಸ್ವಾಮಿ, ನನ್ನ ಸ್ನೇಹಿತ. ಕುರಿ ಸಾಕುವ ಮನೆತನ, ಅಪ್ಪನಿಂದ ಡೊಳ್ಳು ಕಲಿತವನು. ನಾವು ಐದಾರು ಜನ ಸೇರಿ ಕಟ್ಟಿಕೊಂಡ ಆರ್ಕೆಸ್ಟ್ರಾದಲ್ಲಿ ಅವನೇ ಡ್ರಮ್ಮು, ನಾನು ಗಾಯಕ. ಆ ಹಾಡನ್ನು ಎರಡು ಸಲ ಕೇಳಿ ಅವನು ಹೇಳಿದ್ದ:

"ಇದು ಎಳಿತೈತೆ ಕಣಪ್ಪ. ಹಾಡೋನು ಉಸಿರು ತಗಳದು ಕೇಳು. ಯಾವ ಮನುಷ್ಯ ಅಷ್ಟು ಉದ್ದ ಉಸಿರು ತಗತಾನೆ?"

ನನ್ನ ಡೆಕ್ಕಿಗೇ ಹೆಸರಿಟ್ಟನಲ್ಲ ಎಂದು ಸಿಟ್ಟು ಬಂತು. ಚಿತ್ರದುರ್ಗದ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಅವನು ತನಗೆ ಸರಿ ಕಂಡ ವೇಗದಲ್ಲೇ ಬಾರಿಸಿದ, ನಾನು ನನ್ನ ಕ್ಯಾಸೆಟ್ಟಿನ ವೇಗದಲ್ಲೇ ಹಾಡಿದೆ. ಹಾಡು ನಡುವೆಯೇ ಕುಸಿದು ಸಭೆ ನಕ್ಕಿತು. ಮೈಕಿನಲ್ಲೇ ಹೇಳಿಬಿಟ್ಟೆ: "ಇದು ನಿಮ್ಮ ಡೊಳ್ಳಲ್ಲ ಕಣಲೇ, ಇಂಗ್ಲಿಷ್ ಸಂಗೀತ." ಅವನು ಕಡ್ಡಿಗಳನ್ನು ಕುರ್ಚಿಯ ಮೇಲಿಟ್ಟು ಇಳಿದು ಹೋದ. ಅಲ್ಲಿಂದ ಈಚೆಗೆ ಮದುವೆ ಮನೆಗಳಲ್ಲಿ ಸಿಕ್ಕರೆ 'ಆರಾಮಾ?' 'ಆರಾಮು', ಅಷ್ಟೇ.

ಮಗಳು ಫೋನಿನಲ್ಲಿ ಇನ್ನೊಂದನ್ನೂ ತೋರಿಸಿದಳು. ಈಗ ನರೆಗೂದಲಾದ ಆ ನಾಲ್ವರೂ ಮತ್ತೆ ಒಂದೇ ವೇದಿಕೆಯ ಮೇಲೆ, ಹಿಂದೆ ಅದೇ ಡ್ರಮ್ಮಿನವನು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಹೊಸದುರ್ಗದ ಬಸ್ಸು ಹತ್ತಿ, ಅಲ್ಲಿಂದ ಬಾಗೂರಿಗೆ ಹೋದೆ. ತಪ್ಪೊಪ್ಪಿಗೆಯನ್ನೂ ನನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರು ಎಂಬ ಧೈರ್ಯ ಇತ್ತು. ದಾರಿಯುದ್ದಕ್ಕೂ ಪಂಪ್‌ಸೆಟ್ಟು, ವೋಲ್ಟೇಜು, ಡೆಕ್ಕು ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೆ.

ತಿಪ್ಪೇಸ್ವಾಮಿ ಜಗಲಿಯ ಮೇಲೆ ಕುಂತಿದ್ದ. "ಬಾರಪ್ಪ, ಕುಂತ್ಕ," ಎಂದ. ಹಾಡು ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ನಾನು ಲೋ ವೋಲ್ಟೇಜಿನ ಕಥೆಯನ್ನೆಲ್ಲ ಹೇಳಿ, "ನೀನೇ ಸರಿ ಇದ್ದೆ ಕಣೋ," ಎಂದೆ.

"ಅದು ನಂಗೆ ಅವತ್ತೇ ಗೊತ್ತಿತ್ತಲ್ಲ."

"ಗೊತ್ತಿದ್ದೂ ಯಾಕೆ ಬಿಟ್ಟು ಹೋದೆ?"

"ಟೇಪು ಎಳದಿದ್ದಕ್ಕೆ ಯಾರಾದ್ರೂ ಸ್ನೇಹ ಬಿಡ್ತಾರಾ? ನಮ್ಮಪ್ಪ ಆ ಸಭೇಲಿ ಕುಂತಿದ್ದ. ಡೊಳ್ಳು ಅಂತ ನೀನಂದಿದ್ದು ಕೇಳಿಸ್ಕಂಡ."

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದರಲ್ಲಿ ಇದಕ್ಕೆ ಒಂದು ಮಾತೂ ಇರಲಿಲ್ಲ. ಅವನ ಅಪ್ಪ ಈಗಿಲ್ಲ. ಮತ್ತೊಂದು ಸಲ ಹಾಡು ಹಾಕಿ ಮಾತು ತಪ್ಪಿಸೋಣವೆಂದು ಫೋನಿಗೆ ಕೈ ಹಾಕಿದೆ.

"ಅದಿರ್ಲಿ," ಎಂದ. "ಮೊದ್ಲು ಅದನ್ನ ಹೇಳು."

ಅಪ್ಪನ ಎದುರು ಡೊಳ್ಳನ್ನು ಹೀಗಳೆದದ್ದು ತಪ್ಪಾಯಿತು ಎಂದು ಹೇಳಿದೆ. ನನಗೆ ಬೇಕಾದ ಹಾಗೆ ಬರಲಿಲ್ಲ, ಎರಡು ಸಲ ತಡವರಿಸಿದೆ. ಆಮೇಲೆ ಅವನು ಜಗಲಿಯ ಮೇಲೆ ನನಗೆ ಇನ್ನಷ್ಟು ಜಾಗ ಬಿಟ್ಟು ಸರಿದು ಕುಂತು, "ಹೂಂ, ಈಗ ಹಾಕು," ಎಂದ.