ಚಪ್ಪಲಿ ಅಂಗಡಿ ಬಿಟ್ಟ ವರ್ಷ

ರಾಯಚೂರಿನ ತೀನ್ ಕಂದಿಲ್ ಹತ್ತಿರ ಒಂದು ಚಪ್ಪಲಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಗಿರಾಕಿ ಕುರ್ಚಿಯ ಮೇಲೆ, ನಾನು ನೆಲದ ಮೇಲೆ. ಮುಖಕ್ಕಿಂತ ಮೊದಲು ಪಾದ ನೋಡುತ್ತಿದ್ದೆ. ನಮ್ಮಪ್ಪ ಗುಂಜಹಳ್ಳಿಯಲ್ಲಿ ಮಂದಿಯ ಹೊಲದಾಗ ದುಡಿದವನು. ಮಗನಿಗೆ ಫ್ಯಾನಿನ ಕೆಳಗೆ ಕೆಲಸ ಸಿಕ್ಕಿತೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ಒಂದು ದಿನ ದೇವದುರ್ಗದ ಕಡೆಯಿಂದ ಮದುವೆ ಖರೀದಿಗೆ ಒಂದು ಗುಂಪು ಬಂತು. ಮದುಮಗನ ಅಣ್ಣ ಒಂದರ ಮೇಲೊಂದು ಜೋಡಿ ತೆಗೆಸಿದ. ಕೊನೆಯದರಲ್ಲಿ ಹಿಮ್ಮಡಿ ಸಿಕ್ಕಿಕೊಂಡಿತು. ನಾನು ಬಗ್ಗಿ ಒಳಗೆ ತಳ್ಳುತ್ತಿದ್ದೆ.

"ಮೆಲ್ಲಕ ಮಾಡಲೇ, ಎಮ್ಮಿ ಕಾಲೇನು ಇದು?" ಅಂದ.

"ಒಂದು ನಂಬರ್ ದೊಡ್ಡದು ಕೊಡ್ತೀನ್ರಿ. ಇದು ಬಿಗಿ ಆಗ್ತದ."

"ನನಗ ಹೇಳಾಕ ಬರ್ತೀಯೇನು?" ಅಂದವನೇ ಅದೇ ಕಾಲಿನಿಂದ ನನ್ನ ಎದೆಗೆ ಒದ್ದ.

ತಲೆ ಹಿಂದಿನ ಕಪಾಟಿಗೆ ಬಡಿಯಿತು. ಡಬ್ಬಿಗಳು ಮೈಮೇಲೆ ಬಿದ್ದವು. ಜೊತೆಗಿದ್ದವರು ನಕ್ಕರು. ಅವರು ನಗದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಎದ್ದು ಅವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿಬಿಟ್ಟೆ. ಕುರ್ಚಿ ಸಮೇತ ಮಗುಚಿದ. ಮೂಳೆ ಲಟಕ್ ಎಂದದ್ದು ನನಗೂ ಕೇಳಿಸಿತು. ಆಮೇಲೆ ಅವರೆಲ್ಲ ಸೇರಿ ನನ್ನನ್ನು ಹೊರಗೆಳೆದು, ರಸ್ತೆಯ ಮೇಲೆ ಕೆಡವಿ ತುಳಿದರು. ಕೆಳಗಿನ ಎರಡು ಹಲ್ಲು ಹೋದವು. ಎದುರಿನ ಅತ್ತರಿನ ಅಂಗಡಿಯವರು ಬಂದು ಬಿಡಿಸಿದರು.

ನಮ್ಮ ಸಾಹುಕಾರರು ಕೆಟ್ಟವರಲ್ಲ. ತಮ್ಮ ಹೆಗಲ ಮೇಲಿನ ವಸ್ತ್ರದಿಂದಲೇ ನನ್ನ ಬಾಯಿ ಒರೆಸಿದರು. ಒರೆಸುತ್ತಲೇ, "ಕಾಲು ಮುಟ್ಟಿ ಮಾಫಿ ಕೇಳಿಬಿಡು. ಪೊಲೀಸು ಗಿಲೀಸು ನಮಗ ಬ್ಯಾಡ," ಅಂದರು.

ನಾನು ಎದ್ದು ಮನೆಗೆ ಬಂದೆ. ಮತ್ತೆ ಆ ಅಂಗಡಿ ಹತ್ತಲಿಲ್ಲ.

ನನ್ನ ಹೆಂಡತಿ ನೀರಮಾನ್ವಿಯ ಕಡೆ ಒಂದು ಶಾಲೆಯಲ್ಲಿ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. "ಅಲ್ಲೇ ಹೋಗಿ ಇರೂಣು ನಡೀರಿ. ನಾ ದುಡೀತೀನಿ, ನೀವು ಮನಿ ನೋಡ್ಕೊಳ್ರಿ," ಅಂದಳು.

ಊರ ಹೊರಗೆ ಗುಡ್ಡದ ಬುಡದಲ್ಲಿ ಎರಡು ಕೋಣೆಯ ಕಲ್ಲಿನ ಮನೆ ಸಿಕ್ಕಿತು. ನೀರು ತರುವುದು, ಕಟ್ಟಿಗೆ ಒಡೆಯುವುದು, ರೊಟ್ಟಿ ಬಡಿಯುವುದು ನನ್ನ ಪಾಲು. ಎರಡು ಆಡು ಕಟ್ಟಿದೆ. ಪಕ್ಕದ ಮನೆಯಲ್ಲಿ ಒಬ್ಬ ಮುದುಕ, ಹೆಂಡತಿ ತೀರಿಕೊಂಡವನು, ತನ್ನ ಕೆಂದು ನಾಯಿಯ ಜೊತೆ ಇದ್ದ. ನನಗೆ ಆಡಿನ ಹಾಲು ಕರೆಯಲು ಕಲಿಸಿದವನು ಅವನೇ. ನೋಡಿದವರು ಆರಾಮ ಇದ್ದೀಯಪ್ಪ ಅನ್ನುತ್ತಿದ್ದರು. ಆದರೆ ಕಟ್ಟಿಗೆ ಒಡೆಯಲು ಕೊಡಲಿ ಎತ್ತಿದಾಗಲೆಲ್ಲ ಆ ನಗೆ ಕಿವಿಯಲ್ಲಿ ಕೇಳುತ್ತಿತ್ತು. ಕಟ್ಟಿಗೆ ಸೀಳಿದ ಮೇಲೂ ನೆಲಕ್ಕೆ ಹೊಡೆಯುತ್ತಲೇ ಇರುತ್ತಿದ್ದೆ.

ಆ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಆಡು ಚೀರಿತು. ಓಡಿ ಹೋದೆ. ಗಬ್ಬದ ಆಡು ಮಣ್ಣಿನಲ್ಲಿ ಬಿದ್ದಿತ್ತು. ಹೊಟ್ಟೆ ಹರಿದು ಕರುಳು ಹೊರಗೆ ಬಂದಿತ್ತು, ಕಾಲು ಇನ್ನೂ ಆಡುತ್ತಿದ್ದವು. ಮುಳ್ಳುಬೇಲಿಯ ಸಂದಿಯಲ್ಲಿ ಎರಡು ನಾಯಿಗಳು ನುಸುಳಿ ಹೋದವು. ಮೂರನೆಯ ನಾಯಿ ಆಡಿನ ಕುತ್ತಿಗೆಗೆ ಬಾಯಿ ಹಚ್ಚಿ ನಿಂತಿತ್ತು. ಗೋಡೆಗೆ ಆನಿಸಿದ್ದ ಹಾರೆ ಕೈಗೆ ಬಂತು.

ಮೊದಲ ಹೊಡೆತಕ್ಕೇ ಬೆನ್ನು ಮುರಿಯಿತು. ಅದು ಹೊರಳಿ ನನ್ನ ಮೀನಖಂಡ ಕಚ್ಚಿತು. ಆಮೇಲೆ ಎಷ್ಟು ಹೊಡೆದೆನೋ ಗೊತ್ತಿಲ್ಲ. "ಸತ್ತದರೀ, ಸತ್ತದ! ಬಿಡ್ರೀ!" ಎಂದು ಹೆಂಡತಿ ಚೀರುತ್ತಿದ್ದದ್ದು ಕೇಳಿಸಿದಾಗ ಆ ನಾಯಿಗೆ ಮುಖವೇ ಉಳಿದಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಹತ್ತಿರ ಬರಲಿಲ್ಲ.

ಗದ್ದಲ ಕೇಳಿ ಮುದುಕ ಬಂದ. ನೋಡಿ ಕುಕ್ಕರಿಸಿದ. "ನನ್ನ ನಾಯಿ ಇದು," ಅಂದ.

"ನನ್ನ ಆಡು ತಿಂದದ, ಯಪ್ಪಾ."

"ಇಲ್ಲರೀ," ಅಂದಳು ಹೆಂಡತಿ. "ನಾ ಕಿಟಕಿಯಾಗ ನೋಡೀನಿ. ಇದು ಆ ನಾಯಿಗಳನ್ನ ಓಡಿಸಾಕತ್ತಿತ್ತು. ಓಡಿಸಿ, ಆಡಿನ ಕುತ್ತಿಗಿ ನೆಕ್ಕಾಕತ್ತಿತ್ತು. ಹೊಡೀಬ್ಯಾಡ್ರಿ ಅಂತ ಎಷ್ಟು ಕೂಗಿದೆ. ನಿಮಗ ಕೇಳಿಸಲಿಲ್ಲ."

ಮುದುಕ ಎದ್ದು ನನ್ನ ಕಪಾಳಕ್ಕೆ ಎರಡು ಬಿಗಿದ. ಬಾಯಲ್ಲಿ ಮತ್ತೆ ರಕ್ತ ಬಂತು. ತಿರುಗಿ ಹೊಡೆಯಲಿಲ್ಲ. ದೊಡ್ಡತನದಿಂದಲ್ಲ, ಕೈಯಲ್ಲಿ ಬಲವೇ ಇರಲಿಲ್ಲ. ಅವನು ಗೋಣಿಚೀಲ ತಂದು ನಾಯಿಯನ್ನು ಅದರ ಮೇಲೆ ಎಳೆದುಕೊಂಡ. ಒಂದು ತುದಿ ಹಿಡಿಯಲು ಹೋದರೆ "ಮುಟ್ಟಬ್ಯಾಡ" ಅಂದ.

ಆಡು ಇನ್ನೂ ಉಸಿರಾಡುತ್ತಿತ್ತು. ಕುಡುಗೋಲಿನಿಂದ ನಾನೇ ಅದರ ಕುತ್ತಿಗೆ ಕೊಯ್ದೆ. ಎರಡು ಸಲ ಎಳೆಯಬೇಕಾಯಿತು.

ಹೆಂಡತಿ ನನ್ನನ್ನು ಮಾನ್ವಿಯ ಆಸ್ಪತ್ರೆಗೆ ಇಂಜೆಕ್ಷನ್‌ಗೆ ಕರೆದುಕೊಂಡು ಹೋದಳು. "ಕಚ್ಚಿದ ನಾಯಿ ಬದುಕೇದೇನು? ಅದರ ಮ್ಯಾಲ ಕಣ್ಣಿಡ್ರಿ," ಅಂದರು ಡಾಕ್ಟರು.

"ಕೊಂದೀನ್ರಿ," ಅಂದೆ.

ಹೊರಗೆ ಬೆಂಚಿನ ಮೇಲೆ ಕೂತಾಗ ಅವಳು, "ನಿಮ್ಮ ಕೈ ನೋಡಿದ್ರ ನನಗ ಅಂಜಿಕಿ ಬರ್ತದ," ಅಂದಳು. ಅಲ್ಲಿಯವರೆಗೆ ಒದೆ ತಿಂದದ್ದನ್ನಷ್ಟೇ ಅವಳಿಗೆ ಹೇಳಿದ್ದೆ. ಅವರು ನಕ್ಕದ್ದನ್ನು ಅವತ್ತು ಹೇಳಿದೆ. ಹಾರೆ ಬೀಸುವಾಗ ನನಗೆ ನಾಯಿ ಕಂಡಿರಲಿಲ್ಲ, ನಕ್ಕವರ ಹಲ್ಲುಗಳು ಕಂಡಿದ್ದವು ಎಂದೂ ಹೇಳಿದೆ. ಬಸ್ಸು ಬಂದಾಗ ಕುಂಟುತ್ತಿದ್ದ ನನಗೆ ಹೆಗಲು ಕೊಟ್ಟಳು.

ದಿನಾ ಮುಂಜಾನೆ ಮುದುಕನ ಬಾಗಿಲಿಗೆ ಒಂದು ಕೊಡ ನೀರಿಡತೊಡಗಿದೆ. ಅವನು ನನ್ನ ಕಣ್ಣೆದುರೇ ಚೆಲ್ಲುತ್ತಿದ್ದ. ಕೆಲವು ದಿನ ನೋಡಿ, ಇಡುವುದನ್ನು ಬಿಟ್ಟೆ.

ಮಳೆಗಾಲದಲ್ಲಿ ಅವನ ಮನೆಯ ಒಂದು ಗೋಡೆ ಕುಸಿಯಿತು. ಹೋಗಿ ಕಲ್ಲು ಎತ್ತಿಕೊಡಲು ನಿಂತೆ. ಬಹಳ ಹೊತ್ತು ಅವನು ನನ್ನ ಕಡೆ ನೋಡದೆ ಇಸಿದುಕೊಂಡ. ಕೊನೆಗೆ, "ಅದು ಅಲ್ಲ, ಆ ಚಪ್ಪಟಿದು ಕೊಡು," ಅಂದ. ಕೊಟ್ಟೆ. ಮಧ್ಯಾಹ್ನ ಅವನು ಉಣ್ಣಲು ಒಳಗೆ ಹೋದ, ನನ್ನನ್ನು ಕರೆಯಲಿಲ್ಲ. ನಾನು ಮನೆಗೆ ಹೋಗಿ ಉಂಡು ಮತ್ತೆ ಬಂದೆ. ಗೋಡೆ ಏಳಲು ಮೂರು ದಿನ ಹಿಡಿಯಿತು. ಈಗ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತೇವೆ, ಅದಕ್ಕಿಂತ ಹೆಚ್ಚಿಲ್ಲ. ಅವನು ಮತ್ತೆ ನಾಯಿ ಸಾಕಿಲ್ಲ.