ಏರಿನಲ್ಲಿ ನಿಂತ ಗೂಡ್ಸ್ ಗಾಡಿ

ಮಳೆಯಲ್ಲಿ ಗೂಡ್ಸ್ ಎಂಜಿನ್ನಿನ ಒಂದಾದರೂ ಸ್ಪಷ್ಟವಾದ ಚಿತ್ರ ಬೇಕೆಂದು ನಾನು ಮೂರು ಮಳೆಗಾಲ ಓಡಾಡಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಶಿವಮೊಗ್ಗದಿಂದ ಸಾಗರ ದಾಟಿ ತಾಳಗುಪ್ಪಕ್ಕೆ ಹೋಗುವ ಚಿಕ್ಕ ಹಳಿಯ ದಾರಿಯಲ್ಲಿ ಇನ್ನೂ ಉಗಿ ಎಂಜಿನ್ನುಗಳೇ ಓಡುತ್ತಿದ್ದವು. ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಅರಸಾಳು ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಎಂಜಿನ್ನಿನ ನಂಬರು, ಡಬ್ಬಿಗಳ ಸಂಖ್ಯೆ, ಗಾಡಿ ಬಂದ ಹೊತ್ತು, ಆಗ ಸುರಿಯುತ್ತಿದ್ದದ್ದು ಜಡಿಮಳೆಯೋ ಸೋನೆಯೋ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಚಿತ್ರಗಳಿಗೆ ಬೇರೆಯೇ ಪುಟ. ಅದರಲ್ಲಿ ಎರಡು ಕಾಲಂ: ಸ್ಪಷ್ಟ, ಮಸುಕು. ಬೇಸಿಗೆಯ ಚಿತ್ರಗಳು ಎರಡೂ ಕಡೆ ಹಂಚಿಕೊಂಡಿದ್ದವು. ಮಳೆಗಾಲದ್ದೆಲ್ಲ ಒಂದೇ ಕಡೆ.

ಕ್ಯಾಮೆರಾವನ್ನು ಬೈದು ಪ್ರಯೋಜನವಿರಲಿಲ್ಲ. ಅದು ಅಣ್ಣ ಕೊಡಿಸಿದ ಡಬ್ಬಿ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಚಿತ್ರ. ಬಿಸಿಲಿದ್ದರೆ ಗುಂಡಿ ಒತ್ತಿದರಾಯಿತು. ಮೋಡಕ್ಕೆ ಇನ್ನೊಂದು ಏರ್ಪಾಡಿತ್ತು: ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಅದರ ಕಣ್ಣು ತೆರೆದೇ ಇರುತ್ತಿತ್ತು. ಆಗ ಕ್ಯಾಮೆರಾವೂ ಅಲ್ಲಾಡಬಾರದು, ಎದುರಿಗಿರುವುದೂ ಅಲ್ಲಾಡಬಾರದು. ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತದೆ ನಿಜ, ಆದರೆ ಅಲ್ಲಿ ಚಿತ್ರ ತೆಗೆಯಲು ಅಪ್ಪಣೆ ಬೇಕು. ನಾನು ಕೇಳಿದಾಗ ಸ್ಟೇಷನ್ ಮಾಸ್ತರರು ಕನ್ನಡಕ ಮೇಲೇರಿಸಿ, “ಎಂಜಿನ್ನಿಗೆ ಗಂಡು ನೋಡ್ತಿದೀಯೇನಪ್ಪ, ಫೋಟೋ ಯಾಕೆ?” ಎಂದಿದ್ದರು.

ಹಾಗಾಗಿ ನನಗೆ ಉಳಿದದ್ದು ಸ್ಟೇಷನ್ನಿನಾಚೆ, ಕಾಡಿನ ನಡುವೆ ಇದ್ದ ಏರು. ಮಳೆಗಾಲದಲ್ಲಿ ಅಲ್ಲಿ ಹಳಿಯ ಮೇಲೆ ಎಲೆ ಬಿದ್ದು, ಚಕ್ರಕ್ಕೆ ಸಿಕ್ಕಿ ಅರೆದು, ಲೋಳೆಯಾಗುತ್ತಿತ್ತು. ಗೊಬ್ಬರವನ್ನೋ ಅಕ್ಕಿಯನ್ನೋ ತುಂಬಿಕೊಂಡ ಗೂಡ್ಸ್ ಗಾಡಿ ಅಲ್ಲಿಗೆ ಬಂದಾಗ ಎಂಜಿನ್ನಿನ ಚಕ್ರ ಇದ್ದಲ್ಲೇ ಗಿರ್ರನೆ ತಿರುಗುತ್ತಿತ್ತು. ಗಾಡಿ ನಡಿಗೆಯ ವೇಗಕ್ಕಿಳಿದು, ಕೆಲವು ಸಲ ನಿಂತೇ ಬಿಡುತ್ತಿತ್ತು. ಹಳಿಗೆ ಮರಳು ಸುರಿಯಲು ಎಂಜಿನ್ನಿನಲ್ಲೇ ಕೊಳವೆ ಇರುತ್ತದೆ. ಮರಳು ಒದ್ದೆಯಾದರೆ ಅದು ಕಟ್ಟಿಕೊಳ್ಳುತ್ತದೆ. ಆಗ ಫೈರ್‌ಮನ್ ಕೆಳಗಿಳಿದು ಕೈಯಿಂದಲೇ ಮರಳು ಹಾಕುತ್ತ ಮುಂದೆ ನಡೆಯಬೇಕು. ನನಗೆ ಬೇಕಾಗಿದ್ದದ್ದು ಗಾಡಿ ನಿಲ್ಲುವ ಆ ಗಳಿಗೆ. ಡ್ರೈವರಿಗೆ ಬೇಡವಾಗಿದ್ದದ್ದೂ ಅದೇ.

ಡ್ರೈವರು ಶಿವಮೊಗ್ಗದ ಕಡೆಯವರು, ದಪ್ಪ ಮೀಸೆಯ ಹಿರಿಯರು. ಏರಿನಲ್ಲಿ ಗಾಡಿ ತೆವಳುವಾಗ ಹೊರಗೆ ಬಗ್ಗಿ ಮಾತಾಡಿಸುತ್ತಿದ್ದರು.

“ನೀನಿಲ್ಲಿ ನಿಂತಿರೋದು ಕಂಡ್ರೆ ಸಾಕು, ನನ್ ಗಾಡಿ ಕಾಲು ಜಾರುತ್ತೆ ನೋಡಪ್ಪ.”

“ನಾನು ಬರದಿದ್ದ ದಿನಾನೂ ನಿಂತಿದೆ ಸಾರ್. ಲೆಕ್ಕ ಇಟ್ಟಿದೀನಿ.”

“ಬರದಿದ್ದ ದಿನದ ಲೆಕ್ಕ ಹೆಂಗಿಟ್ಯೋ?” ಎಂದು ಒಳಗಿನಿಂದ ಫೈರ್‌ಮನ್ ಕೇಳಿದ. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ನನ್ನು ಕೇಳಿ ಬರೆದುಕೊಂಡಿದ್ದೆ. ಅದನ್ನು ಹೇಳುವಷ್ಟರಲ್ಲಿ ಅವರಿಬ್ಬರ ನಗು ಮುಂದಕ್ಕೆ ಹೋಗಿತ್ತು.

ಮೂರನೆಯ ವರ್ಷ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದರು. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನವರು. ಆ ಕಡೆ ರೈಲಿಲ್ಲ. ಮೊದಲ ಸಲ ಗೂಡ್ಸ್ ಗಾಡಿ ಏರು ಹತ್ತುವುದನ್ನು ನೋಡಿ, “ಇಷ್ಟು ಸದ್ದು ಮಾಡ್ಕಂಡು ಇಷ್ಟು ನಿಧಾನಕ್ಕೆ ಹೋಗೋದಾ? ನಮ್ಮೂರ ಬಸ್ಸೇ ವಾಸಿ ಮಾರಾಯ” ಎಂದರು. ಹಾಗೆಂದವರು ಮರುದಿನ ಗಾಡಿಯ ಹೊತ್ತಿಗೆ ನನಗಿಂತ ಮೊದಲೇ ಅಂಗಳದಲ್ಲಿ ನಿಂತಿದ್ದರು.

ನನ್ನ ದೊಡ್ಡ ಕಷ್ಟವನ್ನು ಬಗೆಹರಿಸಿದವರೂ ಅವರೇ. ಹಳಿಯಂಚಿನ ಮರದ ಬೊಡ್ಡೆಯ ಮೇಲೆ ಕ್ಯಾಮೆರಾ ಇಟ್ಟರೆ ಅದು ಅಲ್ಲಾಡುತ್ತಿರಲಿಲ್ಲ. ಆದರೆ ಕೊಡೆ ಗಾಳಿಗೆ ಕುಣಿದು ಅದರ ನೀರೆಲ್ಲ ಗಾಜಿನ ಮೇಲೆ ಬೀಳುತ್ತಿತ್ತು. ಅತ್ತಿಗೆ ಎರಡು ದಿನ ನೋಡಿದರು. ಮೂರನೆಯ ದಿನ ನಟ್ಟಿಗೆ ಹೋಗುವ ಹೆಂಗಸರು ಬೆನ್ನಿಗೆ ಹೊದೆಯುವ ಗೊರಬು ತಂದರು. ಬಿದಿರಿನ ಕಡ್ಡಿಗೆ ಎಲೆ ಹೆಣೆದು ಮಾಡಿದ ಅದು ಗಾಳಿಗೆ ಬಗ್ಗುವುದಿಲ್ಲ. ಅವರು ಅದನ್ನು ಹೊದ್ದು ಬೊಡ್ಡೆಯ ಮೇಲೆ ಬಗ್ಗಿ ನಿಂತರೆ ಒಳಗಿದ್ದ ಕ್ಯಾಮೆರಾಕ್ಕೆ ಒಂದು ಹನಿಯೂ ತಾಗುತ್ತಿರಲಿಲ್ಲ.

“ಗದ್ದೇಲಿ ಅಗೆ ನೆಡೋದು ಬಿಟ್ಟು ಇಲ್ಲಿ ಫೋಟೋ ನೆಡ್ತಿದೀನಿ” ಎಂದರು ಒಳಗಿನಿಂದ. “ಕಾಲಿಗೆ ಉಂಬಳ ಹತ್ತಿ ರಕ್ತ ಹೀರಿದ್ರೆ ನೀನೇ ಕೀಳ್ಬೇಕು.”

ಶ್ರಾವಣದಲ್ಲಿ ನನಗೆ ಕೆಲಸದ ಆರ್ಡರ್ ಬಂತು. ಬಿಜಾಪುರದ ಕಡೆ. ಅಲ್ಲಿ ಮಳೆ ಬೀಳುವುದೇ ಅಪರೂಪವೆಂದು ಎಲ್ಲರೂ ಹೇಳಿದರು. ಕ್ಯಾಮೆರಾದಲ್ಲಿ ಎರಡು ಚಿತ್ರಗಳಷ್ಟೇ ಉಳಿದಿದ್ದವು. ಸಾಗರದ ಸ್ಟುಡಿಯೋದಲ್ಲಿ ರೋಲು ಮುಗಿದಿತ್ತು, ಶಿವಮೊಗ್ಗದಿಂದ ಹೊಸದು ಬರುವ ಹೊತ್ತಿಗೆ ನಾನು ಊರಿನಲ್ಲೇ ಇರುತ್ತಿರಲಿಲ್ಲ. ಹೊರಡುವ ವಾರ ಜಡಿಮಳೆ ಹಿಡಿಯಿತು. ಹಗಲಿನಲ್ಲೇ ಮನೆಯೊಳಗೆ ದೀಪ ಹಚ್ಚಬೇಕಾದಂಥ ಮಳೆ. ಅಮ್ಮ ನನ್ನ ಬಟ್ಟೆ ಒಣಗಲಿಲ್ಲವೆಂದು ಪೇಚಾಡುತ್ತಿದ್ದರು. ನಾನೂ ಅತ್ತಿಗೆಯೂ ಏರಿಗೆ ಹೋಗಿ ನಿಂತೆವು.

ಗಾಡಿ ಬಂತು. ಚಕ್ರ ಜಾರಿತು, ಹಿಡಿಯಿತು, ಮತ್ತೆ ಜಾರಿತು. ನಮ್ಮ ಎದುರಿಗೇ ನಿಂತುಬಿಟ್ಟಿತು. ನಾನು ಗುಂಡಿ ಒತ್ತಿದ್ದೂ ಎಂಜಿನ್ನಿನ ಪಕ್ಕದಿಂದ ಉಗಿ ಬುಸ್ಸೆಂದು ಹೊರಟು ಎಲ್ಲವನ್ನೂ ಮುಚ್ಚಿದ್ದೂ ಒಂದೇ ಸಲ. ಒಂದು ಚಿತ್ರ ಹೋಯಿತು. ಉಳಿದ ಒಂದಕ್ಕೆ ರೋಲು ತಿರುಗಿಸಿ, ಉಗಿ ಕರಗಲೆಂದು ಕಾಯುತ್ತಿದ್ದಾಗ ಡ್ರೈವರು ಕೂಗಿದರು.

“ಏಯ್, ಬಾ ಇಲ್ಲಿ. ಮುಂದಿನ ಸ್ಟೇಷನ್ನಲ್ಲಿ ಪ್ಯಾಸೆಂಜರ್ ಕಾಯ್ತಾ ಇದೆ. ಇಬ್ರು ಫೈರ್‌ಮನ್ನಲ್ಲಿ ಒಬ್ಬ ಬೆಂಕಿ ನೋಡ್ಬೇಕು, ಮರಳಿಗೆ ಇರೋನು ಇನ್ನೊಬ್ಬನೇ, ಹಳಿ ಎರಡು. ಮರಳು ಹಾಕು.”

“ಒಂದೇ ಒಂದು ನಿಮಿಷ ಸಾರ್. ಒಂದು ಫೋಟೋ.”

“ನಿಲ್ಸಿದೋನು ನೀನು. ಎಬ್ಬಿಸೋನೂ ನೀನೇ.”

ಹೋಗಿಬರಲು ಇದ್ದದ್ದು ಒಂದೇ ದಾರಿ. ಈ ಗಾಡಿ ಹೋಗದೆ ಆ ಗಾಡಿ ಬರುವಂತಿಲ್ಲ. ಮಕ್ಕಳುಮರಿ ಕಟ್ಟಿಕೊಂಡು ಅಲ್ಲಿ ಕುಳಿತ ಜನರನ್ನು ನೆನೆದು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಅತ್ತಿಗೆಯ ಬೆರಳನ್ನು ಗುಂಡಿಯ ಮೇಲಿಟ್ಟೆ.

“ಉಗಿ ಸರಿದ ಕೂಡ್ಲೆ ಒತ್ತಿ. ‘ಅರಸಾಳು’ ಅಂತ ಒಂದ್ಸಲ ಹೇಳಿ ಬಿಟ್ಬಿಡಿ. ಗಾಡಿ ಹೊರಡೋದ್ರೊಳಗೆ ಆಗ್ಬೇಕು.”

“ನಂಗೆ ಬರಲ್ಲ ಮಾರಾಯ.”

“ಬರ್ತದೆ ಅತ್ತಿಗೆ.”

ಬಕೆಟ್ಟಿನಲ್ಲಿ ಮರಳು ಕೊಟ್ಟರು. ಫೈರ್‌ಮನ್ ಒಂದು ಹಳಿ ಹಿಡಿದ, ನಾನು ಇನ್ನೊಂದು. ಹಿಡಿಹಿಡಿಯಾಗಿ ಹಾಕುತ್ತ ಎಂಜಿನ್ನಿನ ಮುಂದೆ ಬಗ್ಗಿ ನಡೆದೆ. ಅದರ ಬಿಸಿ ಒದ್ದೆ ಬೆನ್ನಿಗೆ ತಾಗುತ್ತಿತ್ತು. ಅಷ್ಟು ಹತ್ತಿರದಿಂದ ನಾನು ಅದನ್ನು ಎಂದೂ ಕೇಳಿರಲಿಲ್ಲ; ನಿಂತಿದ್ದಾಗಲೂ ಒಳಗೊಳಗೇ ಏನೋ ಬೇಯುವ ಸದ್ದು. ಮಳೆ ಬಾಯೊಳಗೆ ಹೋಗುವಷ್ಟು ನಗುತ್ತಿದ್ದೆ, ಯಾಕೆಂದು ಈಗಲೂ ತಿಳಿಯದು. ಸೀಟಿ ಕೂಗಿತು. ಇಬ್ಬರೂ ಪಕ್ಕಕ್ಕೆ ಹಾರಿದೆವು. ಚಕ್ರ ಕರಕರನೆ ಮರಳು ಅಗಿದು ಮೇಲೆ ಹತ್ತಿತು. ಡ್ರೈವರು ಕೈ ಬೀಸಿದರು. ಕೊನೆಯ ಡಬ್ಬಿಯ ಗಾರ್ಡೂ ಬೀಸಿದ.

“ಒತ್ತಿದ್ರಾ?” ಓಡಿಬಂದು ಕೇಳಿದೆ.

“ಒತ್ತಿದೆ. ಆದ್ರೆ ಗಾಬ್ರೀಲಿ ಅರಸಾಳು ಬಾಯಿಗೆ ಬರ್ಲಿಲ್ಲ. ‘ಕೋಣಂದೂರು’ ಅಂದೆ.”

ಕೋಣಂದೂರು ಉದ್ದವಾಯಿತಲ್ಲ, ಚಿತ್ರ ಮಸುಕಾಗಿರುತ್ತದೆ ಎಂದು ನಾನು ದಾರಿಯುದ್ದಕ್ಕೂ ಮಂಕಾಗಿದ್ದೆ. ಮರುದಿನವೇ ಸಾಗರಕ್ಕೆ ಹೋಗಿ ರೋಲನ್ನು ಸ್ಟುಡಿಯೋದಲ್ಲಿ ಕೊಟ್ಟೆ. ಸಂಜೆ ಬಸ್ಸಿನ ಹೊತ್ತಿಗೆ ಆ ಕೊನೆಯ ಚಿತ್ರದ ಎರಡು ಪ್ರತಿ ಕೈಗೆ ಬಂದವು. ಆ ಮಳೆಯ ಕತ್ತಲೆಗೆ ಕೋಣಂದೂರಿನಷ್ಟು ಹೊತ್ತು ಬೇಕೇ ಇತ್ತು. ಎಂಜಿನ್ನಿನ ನಂಬರು ಓದಬಹುದಿತ್ತು. ಹೊಗೆಗೂಡಿನ ಮೇಲೆ ಇಳಿದ ನೀರಿನ ಗೆರೆ, ಕಿಟಕಿಯಲ್ಲಿ ಕೈಯೂರಿ ಅಲ್ಲಾಡದೆ ಕುಳಿತ ಡ್ರೈವರ ಮೀಸೆ, ಎಲ್ಲ ಇತ್ತು. ಮುಂದೆ ಮರಳು ಹಾಕುತ್ತಿದ್ದ ಫೈರ್‌ಮನ್ನೂ ನಾನೂ ಮಾತ್ರ ಎರಡು ಬೂದು ಮೋಡ. ಯಾವ ಕಾಲಮ್ಮಿಗೆ ಸೇರಿಸಲಿ ಎಂದು ನಾನು ಯೋಚಿಸುತ್ತಿದ್ದರೆ ಅತ್ತಿಗೆ, “ಫೋಟೋ ಎಂಜಿನ್ನಿಂದು. ನೀನು ನಡುವೆ ಬಂದಿದ್ದಕ್ಕೆ ನಾನೆಂತ ಮಾಡ್ಲಿ?” ಎಂದು ತೀರ್ಪು ಕೊಟ್ಟರು.

ಊರು ಬಿಡುವ ಮುನ್ನಾದಿನ ಗೂಡ್ಸ್ ಗಾಡಿ ಎದುರಿನ ಗಾಡಿಯ ಕ್ರಾಸಿಂಗಿಗೆಂದು ಅರಸಾಳಿನಲ್ಲಿ ನಿಂತಿತ್ತು. ಡ್ರೈವರು ಎಣ್ಣೆ ಒರೆಸುವ ಹತ್ತಿನೂಲಿನ ವೇಸ್ಟಿನಿಂದ ಕೈ ಒರೆಸಿಕೊಂಡು ನಾನು ಕೊಟ್ಟ ಚಿತ್ರದ ಅಂಚು ಹಿಡಿದು ನೋಡಿದರು. ಫೈರ್‌ಮನ್ನನ್ನು ಕರೆದು ತೋರಿಸಿದರು. “ಇಬ್ರೂ ದೆವ್ವದ ಥರ ಬಿದ್ದಿದೀರಿ” ಎಂದರು. ಆಮೇಲೆ ಅದನ್ನು ಊಟದ ಡಬ್ಬಿಯ ಮುಚ್ಚಳದೊಳಗೆ ಮಳೆ ತಾಗದಂತೆ ಇಟ್ಟು, ಸ್ವಲ್ಪ ಸಂಕೋಚದಿಂದ ಕೇಳಿದರು:

“ಇನ್ನೊಂದಿದ್ಯಾ? ಒಂದು ಮನೇಲಿರ್ಲಿ, ಒಂದು ಮಗಳಿಗೆ ಕಳಿಸ್ತೀನಿ. ಮಳೇಲಿ ಅಪ್ಪ ಏನ್ ಕೆಲ್ಸ ಮಾಡ್ತಾನೆ ಅಂತ ಅವ್ಳು ನೋಡಿಲ್ಲ.”

ನೆಗೆಟಿವ್ ಮನೆಯಲ್ಲಿತ್ತು. ನನ್ನ ಪ್ರತಿಯನ್ನೂ ಕೊಟ್ಟೆ.