ಬಿಸಿಲ ಕಡೆಯ ಸೀಟು

ಕಲಬುರಗಿಯಲ್ಲಿ ಬಸ್ಸು ಹತ್ತುವವರು ಮೊದಲು ನೋಡುವುದು ಬಿಸಿಲು ಯಾವ ಕಡೆ ಬೀಳುತ್ತದೆ ಎಂದು. ಕಮಲಾಪುರದ ದಾರಿಯಲ್ಲಿ ಬೆಳಿಗ್ಗೆ ಹೋಗುವಾಗಲೂ ಬಲಗಡೆ, ಸಂಜೆ ಬರುವಾಗಲೂ ಬಲಗಡೆ. ಬೇಕೆಂದೇ ಆ ಬಲಗಡೆಯ ಕಿಟಕಿ ಹಿಡಿದು, ಪಕ್ಕದ ಜಾಗಕ್ಕೆ ಕರವಸ್ತ್ರ ಹಾಕಿ ನನ್ನನ್ನು ಕೂಗುತ್ತಿದ್ದವರು ಶಾಹೀನ್ ಆಪಾ ಒಬ್ಬರೇ.

ಕಮಲಾಪುರದ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಟೀಚರು, ನಾನು ಕನ್ನಡ. ಆಪಾ ದೊಡ್ಡ ಆಳು. ಮೂವರ ಸೀಟಿನಲ್ಲಿ ನಾವಿಬ್ಬರು ಕೂತರೆ ಮೂರನೆಯವರು ಜಾಗ ಕೇಳಲಿಕ್ಕೇ ಬರುತ್ತಿರಲಿಲ್ಲ. "ಆಪಾ, ಆ ಕಡಿ ನೆರಳದ, ಬರ್ರೀ," ಅಂದರೆ, "ಅರೆ, ನಂಗ ಬಿಸಲು ಸೇರ್ತದವಾ, ನೀ ಸುಮ್ನ ಕೂಡು," ಅನ್ನುವರು. ಎಂಥ ಹುಚ್ಚು ಹೆಂಗಸಪ್ಪಾ ಎಂದುಕೊಂಡು ನಾನು ಕಣ್ಣು ಮುಚ್ಚುತ್ತಿದ್ದೆ. ಹಿಂದಿನ ಶಾಲೆಗೆ ಓಡಾಡುವಾಗ ಬಿಸಿಲಿಗೆ ತಲೆಶೂಲೆ ಬಂದು ಒದ್ದಾಡಿದವಳು ನಾನು. ಇಲ್ಲಿಗೆ ಬಂದ ಮೇಲೆ ಅದು ನಿಂತಿತ್ತು. ಕಮಲಾಪುರದ ನೀರು ಒಗ್ಗಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಒಂದು ದಿನ ಮಹಾಗಾಂವ ದಾಟುವಾಗ ಆಪಾ ಫೋನಿನಲ್ಲಿ ಏನೋ ಓದಿ ಮೊಣಕೈಯಿಂದ ತಿವಿದರು. ಎಲ್ಲೋ ದೂರದ ನಕ್ಷತ್ರವೊಂದಕ್ಕೆ ತೀರ ಹತ್ತಿರದಲ್ಲೇ ಸುತ್ತುವ ದೈತ್ಯ ಗ್ರಹವಂತೆ. ಅಲ್ಲಿ ಹತ್ತೇ ದಿನಕ್ಕೆ ವರ್ಷ ಮುಗಿಯುತ್ತದಂತೆ. "ನೋಡ್ ನೀಲಾ, ನನ್ನಂಗ ಬಿಸಲಿಗೆ ಅಂಟ್ಕೊಂಡು ಕುಂತದ. ಮೈನೂ ನನ್ನಂಗೇ!" ಎಂದು ಇಡೀ ಬಸ್ಸಿಗೆ ಕೇಳುವಂತೆ ನಕ್ಕರು.

ಮಾರನೆಯ ದಿನ ಒಂಬತ್ತನೆಯ ತರಗತಿಗೆ ಅದೇ ಪಾಠ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಿಟಕಿಗಳನ್ನು ಮುಚ್ಚಿಸಿ, ಉರಿಯುವ ಬಲ್ಬಿನ ಮುಂದೆ ನಿಂಬೆಹಣ್ಣು ಆಡಿಸಿ, "ಬೆಳಕು ಕಮ್ಮಿ ಆತೇನು?" ಎಂದರು. "ಇಲ್ರೀ ಮಿಸ್!" ಆಗ ತಾವೇ ಬಲ್ಬಿಗೆ ಅಡ್ಡ ನಿಂತರು. ಕ್ಲಾಸು ಮಬ್ಬಾಗಿ ಮಕ್ಕಳು ಹೋ ಎಂದವು.

"ಆ ಗ್ರಹಾನ ಯಾರೂ ಕಣ್ಣಿಲೆ ನೋಡಿಲ್ಲ. ತನ್ನ ಸೂರ್ಯಗ ಅಡ್ಡ ಬಂದಾಗ ಬೆಳಕು ಚೂರು ಕಮ್ಮಿ ಆಗ್ತದ. ಅದರ ಮ್ಯಾಲೇ ತಿಳೀತದ, ಅಲ್ಲೊಂದು ಅದ ಅಂತ," ಎಂದರು ಆಪಾ.

ಮಾರ್ಚಿನಲ್ಲಿ ಆಪಾ ಹೋಗಿಬಿಟ್ಟರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದವರು ಮರುದಿನ ದೇಹ ತಂದರು. ಅವರ ಮನೆಗೆ ಹೋಗಿ ಹೆಂಗಸರ ನಡುವೆ ಕೂತೆ. ಅವರ ಮಗಳು ನನ್ನನ್ನು ತಬ್ಬಿ ಅತ್ತಳು. ನಾನು ಅವಳ ದುಪಟ್ಟಾದ ಅಂಚು ಬಿಚ್ಚಿದ್ದನ್ನು ನೋಡುತ್ತಿದ್ದೆ. ಒಂದು ಹನಿ ಕಣ್ಣೀರು ಬರಲಿಲ್ಲ. ನನಗೇನಾಗಿದೆ ಎಂದು ನನಗೇ ಹೆದರಿಕೆಯಾಯಿತು.

ಸೋಮವಾರ ಮತ್ತೆ ಅದೇ ಬಸ್ಸು. ಕಾಲು ತಾನಾಗಿ ಬಲಗಡೆಗೇ ಹೋಯಿತು. ಕಿಟಕಿಯ ಜಾಗ ಖಾಲಿ ಬಿಟ್ಟು ನನ್ನ ಜಾಗದಲ್ಲಿ ಕೂತೆ. ಊರು ದಾಟುತ್ತಲೇ ಬಿಸಿಲು ನೇರ ಮುಖಕ್ಕೆ ಬಡಿಯಿತು. ಮಹಾಗಾಂವ ಬರುವಷ್ಟರಲ್ಲಿ ಹಣೆಯ ಬಲಕ್ಕೆ ಆ ಹಳೆಯ ಶೂಲೆ ಎದ್ದಿತ್ತು. ಇಷ್ಟು ವರ್ಷ ಈ ಬಿಸಿಲಿಗೆ ಆಪಾ ಅಡ್ಡ ಕೂತಿದ್ದರು. ಅದು ಗೊತ್ತಾದಾಗಲೂ ಅಳು ಬರಲಿಲ್ಲ.

"ಟೀಚರ್, ಬಿಸಲು ಬೀಳ್ಲಾಕತ್ತದ, ಈ ಕಡಿ ಬರ್ರಿ," ಎಂದರು ಕಂಡಕ್ಟರು.

ನಾನು ಕಿಟಕಿಯ ಜಾಗಕ್ಕೆ ಸರಿದು ಕೂತೆ.

"ಇರ್ಲಿ ಬಿಡ್ರೀ," ಎಂದೆ. "ನಂಗ ಬಿಸಲು ಸೇರ್ತದ."